ಪಠ್ಯ, ವ್ಯಾಕರಣ, ಕಾಲ: ಮೆನೆಂದೆಸ್ ಪಿದಾಲ್ ಅವರ ವಿದ್ವತ್ಕಾರ್ಯದ ಒಂದು ವಿಮರ್ಶೆ

ಸಾರಾಂಶ: ಮಧ್ಯಯುಗದ ಸ್ಪ್ಯಾನಿಷ್ ಸಾಹಿತ್ಯಕ್ಕೆ ಜೀವನವನ್ನು ಮೀಸಲಿಟ್ಟ ರಾಮೋನ್ ಮೆನೆಂದೆಸ್ ಪಿದಾಲ್ (1869–1968) ಅವರು ಗ್ರಂಥಸಂಪಾದನೆ, ಭಾಷಾಚರಿತ್ರೆ ಮತ್ತು ಮೌಖಿಕ ಪರಂಪರೆಯ ಅಧ್ಯಯನಗಳನ್ನು ಒಂದೇ ಶಾಸ್ತ್ರವಾಗಿ ಬೆಸೆದರು. ಈ ಬೆಸುಗೆಯೇ ಅವರ ಶಕ್ತಿ. ಅವರ ವಾದಗಳು ಎಡವುವುದೂ ಅಲ್ಲಿಯೇ ಎಂಬುದು ಪ್ರಸ್ತುತ ಲೇಖನದ ನಿಲುವು. ಸಿದ್‌ಕಾವ್ಯದ ಪರಿಷ್ಕರಣ, ‘ಗುಪ್ತಸ್ಥಿತಿ’ಯ ಪರಿಕಲ್ಪನೆ ಮತ್ತು ಕ್ಯಾಸ್ಟಿಲಿಯನ್ ಭಾಷೆಯ ‘ಬೆಣೆ’ ಸಿದ್ಧಾಂತ ಎಂಬ ಮೂರು ಸಂದರ್ಭಗಳಲ್ಲಿ ಸಾಕ್ಷ್ಯ ಮತ್ತು ಊಹೆಗಳ ಸಂಬಂಧವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪ್ರಮುಖ ಪದಗಳು: ಐತಿಹಾಸಿಕ ಭಾಷಾವಿಜ್ಞಾನ, ಗ್ರಂಥಸಂಪಾದನೆ, ಮಧ್ಯಯುಗದ ಸ್ಪ್ಯಾನಿಷ್, ಮೌಖಿಕ ಪರಂಪರೆ, ಪಠ್ಯಸಂಚಯ

1. ಪೀಠಿಕೆ

ಒಬ್ಬ ವಿದ್ವಾಂಸನ ಜೀವಿತಕಾರ್ಯವನ್ನು ವಿಮರ್ಶಿಸುವಾಗ ಎರಡು ಸುಲಭದ ದಾರಿಗಳಿವೆ. ಒಂದು, ಕೃತಿಗಳ ಪಟ್ಟಿಯನ್ನು ಕೊಟ್ಟು ಕೈಮುಗಿಯುವುದು. ಇನ್ನೊಂದು, ಇಂದಿನ ತಿಳಿವಳಿಕೆಯ ಎತ್ತರದಲ್ಲಿ ನಿಂತು ಅಂದಿನ ತಪ್ಪುಗಳನ್ನು ಎಣಿಸುವುದು. ಮೆನೆಂದೆಸ್ ಪಿದಾಲ್ ಅವರ ವಿಷಯದಲ್ಲಿ ಇವೆರಡೂ ಧಾರಾಳವಾಗಿ ನಡೆದಿವೆ. ನಾವು ಕೇಳಬಯಸುವ ಪ್ರಶ್ನೆ ಬೇರೆ: ಅವರ ತೀರ್ಮಾನಗಳಲ್ಲಿ ಬಹಳಷ್ಟು ಬಿದ್ದುಹೋದ ಮೇಲೂ ಅವರ ಪುಸ್ತಕಗಳನ್ನು ಬದಿಗಿಡಲು ಯಾವ ಭಾಷಾಚರಿತ್ರಕಾರನಿಗೂ ಏಕೆ ಸಾಧ್ಯವಾಗಿಲ್ಲ? ಇದಕ್ಕೆ ಉತ್ತರವು ಅವರು ಸಾಕ್ಷ್ಯವನ್ನು ಮುಂದಿಡುತ್ತಿದ್ದ ಕ್ರಮದಲ್ಲಿದೆಯೇ ಹೊರತು ಅವರ ಸಿದ್ಧಾಂತಗಳಲ್ಲಿ ಇಲ್ಲ ಎಂದು ನಾವು ವಾದಿಸುತ್ತೇವೆ.

ಕಾರ್ಯದ ಹರಹನ್ನು ಸಂಕ್ಷೇಪವಾಗಿ ನೆನೆಯುವುದು ಅಗತ್ಯ. ಲಾ ಕೊರೂನ್ಯಾದಲ್ಲಿ ಹುಟ್ಟಿ, ಮಾರ್ಸೆಲಿನೊ ಮೆನೆಂದೆಸ್ ಪೆಲಾಯೊ ಅವರ ಶಿಷ್ಯರಾಗಿ ಬೆಳೆದ ಪಿದಾಲ್, 1896ರಲ್ಲಿ ಲಾರಾದ ಏಳು ಸೋದರರ ದಂತಕಥೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1899ರಲ್ಲಿ ಮ್ಯಾಡ್ರಿಡ್‌ನ ವಿಶ್ವವಿದ್ಯಾಲಯದಲ್ಲಿ ಪೀಠವನ್ನು ಪಡೆದರು. 1904ರಲ್ಲಿ ಸ್ಪ್ಯಾನಿಷ್ ಭಾಷೆಯ ಐತಿಹಾಸಿಕ ವ್ಯಾಕರಣದ ಕೈಪಿಡಿ, 1906ರಲ್ಲಿ ‘ಪ್ರಿಮೇರಾ ಕ್ರೋನಿಕಾ ಖೆನೆರಾಲ್’ ಎಂಬ ವೃತ್ತಾಂತದ ಆವೃತ್ತಿ, 1908ರಿಂದ 1911ರವರೆಗೆ ‘ಕಾಂತಾರ್ ದೆ ಮಿಯೊ ಸಿದ್’ ಕಾವ್ಯದ ಪಠ್ಯ, ವ್ಯಾಕರಣ ಮತ್ತು ಪದಕೋಶಗಳ ಮೂರು ಸಂಪುಟಗಳು, 1924ರಲ್ಲಿ ಅಲೆಮಾರಿ ಗಾಯಕರ ಕಾವ್ಯವನ್ನು ಕುರಿತ ಅಧ್ಯಯನ, 1926ರಲ್ಲಿ ‘ಒರಿಖೆನೆಸ್ ದೆಲ್ ಎಸ್ಪಾನ್ಯೊಲ್’, 1929ರಲ್ಲಿ ‘ಲಾ ಎಸ್ಪಾನ್ಯಾ ದೆಲ್ ಸಿದ್’, 1953ರಲ್ಲಿ ‘ರೊಮಾನ್ಸೆರೊ ಹಿಸ್ಪಾನಿಕೊ’, 1959ರಲ್ಲಿ ರೋಲಾಂ ಗೀತೆಯನ್ನು ಕುರಿತ ಗ್ರಂಥ ಹೊರಬಂದವು. ಕೊನೆಯದು ಪ್ರಕಟವಾದಾಗ ಅವರಿಗೆ ತೊಂಬತ್ತು ವರ್ಷ. ಭಾಷೆಯ ಸಮಗ್ರ ಚರಿತ್ರೆಯೊಂದು ಅಪೂರ್ಣವಾಗಿ ಉಳಿದು, ಮೊಮ್ಮಗ ದಿಯೆಗೊ ಕಾತಾಲಾನ್ ಅವರ ಶ್ರಮದಿಂದ 2005ರಲ್ಲಷ್ಟೇ ಬೆಳಕು ಕಂಡಿತು.

ಈ ಪಟ್ಟಿಯಲ್ಲಿ ಸಾಹಿತ್ಯಚರಿತ್ರೆಯ ಪುಸ್ತಕ ಯಾವುದು, ಭಾಷಾವಿಜ್ಞಾನದ ಪುಸ್ತಕ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಪಿದಾಲ್ ಅವರಿಗೆ ಅಂಥ ಗೆರೆಯೇ ಇರಲಿಲ್ಲ. ಕಾವ್ಯವು ಭಾಷೆಯ ಕಾಲವನ್ನು ಹೇಳುತ್ತದೆ, ಭಾಷೆಯು ಕಾವ್ಯದ ಕಾಲವನ್ನು ಹೇಳುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ. ಎರಡು ಕಂಬಗಳು ಪರಸ್ಪರ ಒರಗಿ ನಿಂತಾಗ ಕಟ್ಟಡ ಗಟ್ಟಿಯಾಗಿ ಕಾಣುತ್ತದೆ. ಆದರೆ ಎರಡಕ್ಕೂ ಪ್ರತ್ಯೇಕವಾದ ನೆಲಗಟ್ಟು ಇದೆಯೇ ಎಂದು ನೋಡಬೇಕಾಗುತ್ತದೆ.

2. ತಿದ್ದಿದ ಪಠ್ಯ, ಪಠ್ಯದಿಂದ ತೆಗೆದ ವ್ಯಾಕರಣ

ಸಿದ್‌ಕಾವ್ಯವು ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದಿದೆ. ಸುಮಾರು 3,730 ಸಾಲುಗಳು. ಮೊದಲ ಹಾಳೆಯೂ ಒಳಗಿನ ಎರಡು ಹಾಳೆಗಳೂ ಕಳೆದುಹೋಗಿವೆ. ತೊಮಾಸ್ ಅಂತೋನಿಯೊ ಸಾಂಚೆಸ್ ಇದನ್ನು ಮೊದಲು ಅಚ್ಚು ಹಾಕಿಸಿದ್ದು 1779ರಲ್ಲಿ. ಹಸ್ತಪ್ರತಿಯು 19ನೆಯ ಶತಮಾನದಲ್ಲಿ ಪಿದಾಲ್ ಮನೆತನದವರ ವಶಕ್ಕೆ ಬಂದಿತ್ತು. 1960ರಲ್ಲಿ ಖ್ವಾನ್ ಮಾರ್ಚ್ ಪ್ರತಿಷ್ಠಾನವು ಅದನ್ನು ಕೊಂಡು ಸ್ಪೇನಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ದಾನಮಾಡಿತು. ಗ್ರಂಥಾಂತ್ಯದಲ್ಲಿ ಪೆರ್ ಅಬ್ಬಾತ್ ಎಂಬಾತನ ಹೆಸರೂ ‘ಸ್ಪ್ಯಾನಿಷ್ ಶಕೆ’ಯ 1245ನೆಯ ವರ್ಷವೂ ಇವೆ. ಆ ಶಕೆ ಕ್ರಿಸ್ತಶಕಕ್ಕಿಂತ 38 ವರ್ಷ ಮುಂದಿರುವುದರಿಂದ ಇದು 1207 ಆಗುತ್ತದೆ. ಅಂಕಿಯ ನಡುವೆ ಇರುವ ಖಾಲಿ ಜಾಗದಲ್ಲಿ ನೂರನ್ನು ಸೂಚಿಸುವ ಇನ್ನೊಂದು ಅಕ್ಷರವಿದ್ದು ಅಳಿಸಿಹೋಗಿದೆ ಎಂದು ಭಾವಿಸಿದ ಪಿದಾಲ್ ಅದನ್ನು 1307 ಎಂದು ಓದಿದರು. ಪೆರ್ ಅಬ್ಬಾತ್ ಕೇವಲ ನಕಲುಗಾರ. ಕಾವ್ಯ ರಚನೆಯಾದದ್ದು ಸುಮಾರು 1140ರಲ್ಲಿ ಎಂದು ಸಾಧಿಸಿದರು. 1207 ಮಾತೃಪ್ರತಿಯೊಂದರ ವರ್ಷ, ಉಳಿದಿರುವುದು ಅದರಿಂದ ಇಳಿದುಬಂದ 14ನೆಯ ಶತಮಾನದ ನಕಲು ಎಂಬುದು ಇಂದು ಹೆಚ್ಚಿನವರು ಒಪ್ಪುವ ಅಭಿಪ್ರಾಯ.

ನಮ್ಮ ಆಸಕ್ತಿ ವರ್ಷಕ್ಕಿಂತಲೂ ವರ್ಷವನ್ನು ತಲುಪಿದ ದಾರಿಯಲ್ಲಿದೆ. ಕಾವ್ಯದ ಸಾಲುಗಳು ಗುಂಪುಗುಂಪಾಗಿ ಒಂದೇ ಸ್ವರಪ್ರಾಸದಲ್ಲಿ ಮುಗಿಯುತ್ತವೆ. ‘ಒ’ ಪ್ರಾಸದ ಗುಂಪುಗಳಲ್ಲಿ ಹಸ್ತಪ್ರತಿಯು ಆಗಾಗ ‘ಉಎ’ ಎಂಬ ಸಂಧ್ಯಕ್ಷರವುಳ್ಳ ಪದಗಳನ್ನು ಕೊಡುತ್ತದೆ. ಲ್ಯಾಟಿನ್ನಿನ ಹ್ರಸ್ವ ‘ಒ’ಕಾರವು ಒತ್ತಿನ ಸ್ಥಾನದಲ್ಲಿ ಕ್ಯಾಸ್ಟಿಲಿಯನ್ನಿನಲ್ಲಿ ‘ಉಎ’ ಆಗಿದೆ. ಹಾಗಾದರೆ ಕವಿಯ ಬಾಯಲ್ಲಿ ಅದು ‘ಉಒ’ ಆಗಿದ್ದಿರಬೇಕು, ನಂತರದ ನಕಲುಗಾರರು ಅದನ್ನು ತಮ್ಮ ಕಾಲದ ರೂಢಿಗೆ ತಕ್ಕಂತೆ ಬದಲಿಸಿರಬೇಕು ಎಂದು ಪಿದಾಲ್ ತರ್ಕಿಸಿದರು. ಪರಿಷ್ಕೃತ ಪಠ್ಯದಲ್ಲಿ ಅವರು ಹಳೆಯ ರೂಪವನ್ನು ‘ಮರುಸ್ಥಾಪಿಸಿ’ದರು.

ಪ್ರಾಸದ ಸಾಕ್ಷ್ಯವನ್ನು ಬಳಸುವುದರಲ್ಲಿ ತಪ್ಪಿಲ್ಲ. ಉಚ್ಚಾರಣೆಯ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ವಿರಳ. ತೊಡಕಿರುವುದು ಮುಂದಿನ ಮೂರು ಹೆಜ್ಜೆಗಳಲ್ಲಿ. ಮೊದಲನೆಯದಾಗಿ, ಕವಿಯ ಪ್ರಾಸ ಕಟ್ಟುನಿಟ್ಟಾಗಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡು ಅಪವಾದಗಳನ್ನು ತಿದ್ದಲಾಗಿದೆ. ತಿದ್ದಿದ ಮೇಲೆ ಪ್ರಾಸ ಕಟ್ಟುನಿಟ್ಟಾಗಿ ಕಾಣುವುದು ಸಹಜ. ‘ಒ’ ಮತ್ತು ‘ಉಎ’ಗಳು ಪರಸ್ಪರ ಪ್ರಾಸವಾಗಬಹುದಾಗಿದ್ದ ಕಾವ್ಯರೂಢಿಯೊಂದು ಇದ್ದಿರಬಹುದೆಂಬ ಸಾಧ್ಯತೆಗೆ ತಿದ್ದಿದ ಪಠ್ಯದಲ್ಲಿ ಸ್ಥಳವೇ ಇಲ್ಲ. ಎರಡನೆಯದಾಗಿ, ಹೀಗೆ ದೊರೆತ ‘ಉಒ’ ರೂಪವು ವ್ಯಾಕರಣದ ಸಂಪುಟದಲ್ಲಿ ಕವಿಯ ಭಾಷೆಯ ಲಕ್ಷಣವಾಗಿ ಸೇರುತ್ತದೆ. ಮೂರನೆಯದಾಗಿ, ಆ ಲಕ್ಷಣವೇ ಕಾವ್ಯದ ಪ್ರಾಚೀನತೆಗೆ ಒಂದು ಆಧಾರವಾಗಿ ಮರಳುತ್ತದೆ. ಜೊತೆಗೆ ಒಂದು ತಾರ್ಕಿಕ ಇಕ್ಕಟ್ಟೂ ಇದೆ. ಅದೇ ರೂಪ ಉಪಭಾಷೆಯ ಗುರುತೂ ಆಗಬಹುದು. ಕಾವ್ಯ ಹುಟ್ಟಿದ್ದು ಕ್ಯಾಸ್ಟಿಲಿನ ಪೂರ್ವದ ಗಡಿಯಲ್ಲಿ, ಮೆದಿನಾಸೆಲಿಯ ಪರಿಸರದಲ್ಲಿ ಎಂಬುದು ಪಿದಾಲ್ ಅವರ ಮತ. ಒಂದೇ ಲಕ್ಷಣ ಸ್ಥಳವನ್ನು ಸೂಚಿಸುವುದಾದರೆ ಕಾಲದ ಬಗೆಗಿನ ಅದರ ಸಾಕ್ಷ್ಯ ಅಷ್ಟರಮಟ್ಟಿಗೆ ದುರ್ಬಲವಾಗುತ್ತದೆ. ಎರಡು ಮೊಕದ್ದಮೆಗಳಲ್ಲಿ ಒಬ್ಬನೇ ಸಾಕ್ಷಿಯನ್ನು ಪೂರ್ಣ ತೂಕದಿಂದ ನಿಲ್ಲಿಸಲು ಬಾರದು.

ಈ ವರ್ತುಲವನ್ನು ಹೊರಗಿನಿಂದ ಒಡೆದವರಲ್ಲಿ ಪೀಟರ್ ರಸೆಲ್ ಮುಖ್ಯರು. ಕಾವ್ಯದಲ್ಲಿ ಬರುವ ಮುದ್ರೆಯೊತ್ತಿದ ರಾಜಪತ್ರದಂಥ ವಿವರಗಳು ಕ್ಯಾಸ್ಟಿಲಿನ ರಾಜಕಚೇರಿಯ ರೂಢಿಯೊಂದಿಗೆ ಹೊಂದಬೇಕಾದರೆ ಕಾವ್ಯದ ಕಾಲವನ್ನು ಮುಂದಕ್ಕೆ ತರಬೇಕಾಗುತ್ತದೆ ಎಂದು 1952ರಲ್ಲಿ ಅವರು ತೋರಿಸಿದರು. ಇದು ಭಾಷಿಕವಲ್ಲದ, ಆದ್ದರಿಂದ ವರ್ತುಲದಿಂದ ಸ್ವತಂತ್ರವಾದ ಸಾಕ್ಷ್ಯ. ಕಾಲಿನ್ ಸ್ಮಿತ್ 1983ರಲ್ಲಿ ಇನ್ನೂ ಮುಂದೆ ಹೋಗಿ ಪೆರ್ ಅಬ್ಬಾತನೇ ವಿದ್ಯಾವಂತ ಕವಿ, 1207ೇ ರಚನೆಯ ವರ್ಷ ಎಂದರು. ಗ್ರಂಥಾಂತ್ಯದಲ್ಲಿರುವ ‘ಬರೆದನು’ ಎಂಬ ಕ್ರಿಯಾಪದವು ಆ ಕಾಲದಲ್ಲಿ ಸಾಮಾನ್ಯವಾಗಿ ನಕಲು ಮಾಡುವುದನ್ನು ಹೇಳುತ್ತದೆಯಾದ್ದರಿಂದ ಸ್ಮಿತ್ ಅವರ ಈ ಗುರುತಿಸುವಿಕೆ ನಿಲ್ಲಲಿಲ್ಲ. ಆದರೆ ಕಾವ್ಯವನ್ನು 1200ರ ಆಸುಪಾಸಿಗೆ ತರುವ ವಾದ ನಿಂತಿತು. ಇದಕ್ಕೆ ಮೊದಲೇ, 1961ರಲ್ಲಿ, ಪಿದಾಲ್ ಅವರೇ ತಮ್ಮ ಮತವನ್ನು ಬದಲಿಸಿ ಇಬ್ಬರು ಕವಿಗಳನ್ನು ಊಹಿಸಿದ್ದರು: ಸುಮಾರು 1110ರಲ್ಲಿ ಸಾನ್ ಎಸ್ತೆಬಾನ್ ದೆ ಗೊರ್ಮಾಸ್‌ನ ಒಬ್ಬ, ಸುಮಾರು 1140ರಲ್ಲಿ ಮೆದಿನಾಸೆಲಿಯ ಇನ್ನೊಬ್ಬ. ಆಕ್ಷೇಪಗಳು ಕಾಲವನ್ನು ಮುಂದಕ್ಕೆ ಎಳೆಯುತ್ತಿದ್ದಾಗ ಅವರು ಹಿಂದಕ್ಕೆ ಹೋದರು. ಸಿದ್ಧಾಂತವೊಂದು ತನ್ನ ಮೇಲಿನ ಒತ್ತಡಕ್ಕೆ ಊಹೆಗಳನ್ನು ಹೆಚ್ಚಿಸಿಕೊಂಡು ಉತ್ತರಿಸುವುದು ಅದರ ಆರೋಗ್ಯದ ಲಕ್ಷಣವಲ್ಲ.

ಇಷ್ಟಾದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಪಿದಾಲ್ ಪರಿಷ್ಕೃತ ಪಠ್ಯವನ್ನಷ್ಟೇ ಕೊಡಲಿಲ್ಲ. ಅದರ ಪಕ್ಕದಲ್ಲಿಯೇ ಹಸ್ತಪ್ರತಿಯನ್ನು ಅಕ್ಷರಅಕ್ಷರವಾಗಿ ಅನುಸರಿಸುವ ಲಿಪಿನಿಷ್ಠ ಆವೃತ್ತಿಯನ್ನೂ ಕೊಟ್ಟರು. ಮೇಲೆ ನಾವು ಮಾಡಿದ ಆಕ್ಷೇಪವನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿ ಅವರ ಸಂಪುಟದಲ್ಲಿಯೇ ಇದೆ. ದುರದೃಷ್ಟವಶಾತ್ ಶಾಲಾ ಆವೃತ್ತಿಗಳ ಮೂಲಕ ಜನರ ಕೈಗೆ ಹೋದದ್ದು ಪರಿಷ್ಕೃತ ಪಠ್ಯ. ಕಳೆದುಹೋದ ಮೊದಲ ಹಾಳೆಯ ಜಾಗದಲ್ಲಿ ವೃತ್ತಾಂತದ ಗದ್ಯದಿಂದ ಪುನಾರಚಿಸಿದ ಕೆಲವು ಸಾಲುಗಳನ್ನು ಅವರು ಸೇರಿಸಿದ್ದರು. ಅನೇಕ ಓದುಗರಿಗೆ ಕಾವ್ಯ ಆರಂಭವಾಗುವುದೇ ಅಲ್ಲಿಂದ. ಇಯಾನ್ ಮೈಕಲ್, ಕಾಲಿನ್ ಸ್ಮಿತ್, ಆಲ್ಬೆರ್ತೊ ಮೊಂತಾನೆರ್ ಮೊದಲಾದ ನಂತರದ ಸಂಪಾದಕರು ಹಸ್ತಪ್ರತಿಗೆ ಹೆಚ್ಚು ಹತ್ತಿರ ಬಂದದ್ದು ಈ ಅನುಭವದ ಫಲ.

3. ಗುಪ್ತಗಾಮಿನಿಯ ಎರಡು ದಡಗಳು

ಪಿದಾಲ್ ಅವರು ಭಾಷಾವಿಜ್ಞಾನಕ್ಕೂ ಸಾಹಿತ್ಯಚರಿತ್ರೆಗೂ ಸಮಾನವಾಗಿ ಅನ್ವಯಿಸಿದ ಪರಿಕಲ್ಪನೆ ‘ಗುಪ್ತಸ್ಥಿತಿ’. ಒಂದು ಧ್ವನಿಪರಿವರ್ತನೆಯಾಗಲಿ ಒಂದು ಹಾಡಾಗಲಿ ಲಿಖಿತ ದಾಖಲೆಗಳಲ್ಲಿ ಕಾಣಿಸದೆ ಶತಮಾನಗಳ ಕಾಲ ಜನರ ಬಾಯಲ್ಲಿ ಜೀವಂತವಾಗಿರಬಲ್ಲದು ಎಂಬುದು ಅದರ ತಿರುಳು. ನೆಲದಡಿ ಹರಿದು ಮತ್ತೆಲ್ಲೋ ಮೇಲೇಳುವ ಗುಪ್ತಗಾಮಿನಿಯ ಕಲ್ಪನೆ ನಮಗೆ ಹೊಸತಲ್ಲ. ವ್ಯಕ್ತಿಕವಿಗೆ ಪ್ರಾಧಾನ್ಯ ಕೊಟ್ಟು, ಫ್ರೆಂಚ್ ವೀರಕಾವ್ಯಗಳು ಯಾತ್ರಾಮಾರ್ಗದ ಮಠಗಳ ಆಶ್ರಯದಲ್ಲಿ ತಡವಾಗಿ ಹುಟ್ಟಿದವು ಎಂದು 1908ರಿಂದ 1913ರ ನಡುವೆ ವಾದಿಸಿದ ಝೋಸೆಫ್ ಬೆದಿಯೆ ಅವರಿಗೆ ಪಿದಾಲ್ ಕೊಟ್ಟ ಉತ್ತರವೂ ಇದೇ ಆಗಿತ್ತು.

ಈ ಪರಿಕಲ್ಪನೆಯ ಮೇಲಿನ ಸಾಮಾನ್ಯ ಆಕ್ಷೇಪವೆಂದರೆ, ಇದನ್ನು ಅಲ್ಲಗಳೆಯಲು ಸಾಧ್ಯವಿಲ್ಲ, ದಾಖಲೆ ಇಲ್ಲದಿರುವುದನ್ನೇ ಇದು ದಾಖಲೆಯನ್ನಾಗಿಸುತ್ತದೆ ಎಂಬುದು. ನಮ್ಮ ದೃಷ್ಟಿಯಲ್ಲಿ ಈ ಆಕ್ಷೇಪ ಅರ್ಧ ಸರಿ. ಪಿದಾಲ್ ಒಂದೇ ಹೆಸರಿನಡಿ ಎರಡು ಭಿನ್ನ ಸನ್ನಿವೇಶಗಳನ್ನು ಸೇರಿಸಿದ್ದಾರೆ, ಅವುಗಳನ್ನು ಬೇರ್ಪಡಿಸಬೇಕು.

ಮೊದಲನೆಯದು ಎರಡೂ ದಡಗಳು ಕಾಣುವ ಸನ್ನಿವೇಶ. ಲ್ಯಾಟಿನ್ನಿನ ಪದಾದಿ ‘ಫ’ಕಾರ ಕ್ಯಾಸ್ಟಿಲಿಯನ್ನಿನಲ್ಲಿ ‘ಹ’ಕಾರವಾಗಿ ಕೊನೆಗೆ ಲೋಪವಾದ ಬದಲಾವಣೆಯನ್ನು ನೋಡಬಹುದು. ಉತ್ತರದ ಕೆಲವು ಹಳೆಯ ದಾಖಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಬರಹ ಈ ಬದಲಾವಣೆಯನ್ನು ಹೊರಗೆಡಹುತ್ತದೆ, ಬಳಿಕ ಹಲವು ಶತಮಾನ ಬರವಣಿಗೆಯಲ್ಲಿ ‘ಫ’ಕಾರವೇ ಆಳುತ್ತದೆ, 15ನೆಯ ಶತಮಾನದ ಕೊನೆಯ ಹೊತ್ತಿಗೆ ‘ಹ’ಕಾರ ಮೇಲೆದ್ದು ರೂಢಿಯಾಗುತ್ತದೆ. ನಡುವಿನ ಮೌನವನ್ನು ಗುಪ್ತಸ್ಥಿತಿಯೆಂದು ಕರೆಯುವುದು ಇಲ್ಲಿ ಸಮರ್ಥನೀಯ. 16ನೆಯ ಶತಮಾನದಲ್ಲಿ ಅಚ್ಚಾದ ‘ರೊಮಾನ್ಸ್’ ಎಂಬ ಕಥನಗೀತೆಗಳು 20ನೆಯ ಶತಮಾನದಲ್ಲಿ ಕ್ಯಾಸ್ಟಿಲಿನ ಹಳ್ಳಿಗಳಲ್ಲಿಯೂ, 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರ ವಂಶಸ್ಥರಲ್ಲಿ ಮೊರಾಕ್ಕೊ ಮತ್ತು ಬಾಲ್ಕನ್ ಪ್ರದೇಶಗಳಲ್ಲಿಯೂ ದೊರೆತದ್ದು ಇದೇ ಬಗೆಯದು. ಇಲ್ಲಿ ಊಹೆಯನ್ನು ಪರೀಕ್ಷೆಗೆ ಒಡ್ಡಬಹುದು: ಪರಸ್ಪರ ಸಂಪರ್ಕವಿಲ್ಲದ ಎರಡು ಸಮುದಾಯಗಳು ಅಚ್ಚಿನ ಪ್ರತಿಯಲ್ಲಿಲ್ಲದ ಪಾಠವೊಂದನ್ನು ಸಮಾನವಾಗಿ ಉಳಿಸಿಕೊಂಡಿದ್ದರೆ ಮೌಖಿಕ ಪ್ರವಾಹ ನಿಜ, ಎಲ್ಲ ಪಾಠಗಳೂ ಅಚ್ಚಿಗೇ ಹಿಂದಿರುಗುವುದಾದರೆ ಊಹೆ ಬೀಳುತ್ತದೆ.

ಎರಡನೆಯದು ಒಂದೇ ದಡ ಕಾಣುವ ಸನ್ನಿವೇಶ. ವೀರಕಾವ್ಯಗಳ ಮೂಲವನ್ನು ಘಟನೆಯ ಕಾಲಕ್ಕೇ, ಅದರಾಚೆಗೆ ವಿಸಿಗಾತಿಕ್ ಕಾಲದ ಹಾಡುಗಳಿಗೂ ಒಯ್ಯುವಾಗ ಪಿದಾಲ್ ಅವರ ಕೈಯಲ್ಲಿರುವುದು ಬಹಳ ನಂತರದ ಪಠ್ಯ ಮಾತ್ರ. ಆಚೆ ದಡದಲ್ಲಿರುವುದು ಘಟನೆ, ಹಾಡಲ್ಲ. ಘಟನೆಯೊಂದು ನಡೆದಿತ್ತು ಎಂಬುದರಿಂದ ಅದರ ಬಗ್ಗೆ ಆಗಲೇ ಹಾಡಿತ್ತು ಎಂಬುದು ಸಿದ್ಧವಾಗುವುದಿಲ್ಲ. ನಡುನೀರಿನಲ್ಲಿ ಒಂದು ಬಂಡೆಯಾದರೂ ಕಂಡರೆ ಮಾತು ಬೇರೆ. 1950ರ ದಶಕದ ಆರಂಭದಲ್ಲಿ ದಾಮಾಸೊ ಅಲೋನ್ಸೊ ಬೆಳಕಿಗೆ ತಂದ ಸಾನ್ ಮಿಲ್ಯಾನ್ ಮಠದ ಪುಟ್ಟ ಲ್ಯಾಟಿನ್ ಟಿಪ್ಪಣಿ ಅಂಥ ಬಂಡೆ. 11ನೆಯ ಶತಮಾನದ ಉತ್ತರಾರ್ಧದ ಆ ಬರಹ ರೋಲಾಂ ಮತ್ತು ಸಂಗಡಿಗರ ಕಥೆಯನ್ನು ಬಲ್ಲದು. ಉಳಿದಿರುವ ಅತ್ಯಂತ ಹಳೆಯ ಫ್ರೆಂಚ್ ಗೀತಪಠ್ಯಕ್ಕಿಂತ ಮೊದಲೇ ಕಥೆ ಪಿರೆನೀಸ್ ದಾಟಿತ್ತು ಎಂಬುದು ಇದರಿಂದ ಖಚಿತ. ಆದರೆ 778ರ ಯುದ್ಧಕ್ಕೂ ಈ ಟಿಪ್ಪಣಿಗೂ ನಡುವಿನ ಸುಮಾರು ಮೂರು ಶತಮಾನಗಳನ್ನು ಅದೊಂದೇ ತುಂಬಲಾರದು. ಕಥೆ ತಿಳಿದಿತ್ತು ಎಂದರೆ ಕಾವ್ಯ ಹಾಡಲಾಗುತ್ತಿತ್ತು ಎಂದಲ್ಲ.

1896ರ ಗ್ರಂಥದ ಸ್ಥಾನ ಈ ಎರಡರ ನಡುವೆ. ಲಾರಾ ಸೋದರರ ಕಾವ್ಯ ಉಳಿದಿಲ್ಲ. ವೃತ್ತಾಂತಗಳ ಗದ್ಯದೊಳಗೆ ಸಾಲುಸಾಲಾಗಿ ಅಡಗಿರುವ ಸ್ವರಪ್ರಾಸಗಳನ್ನು ಗುರುತಿಸಿ ಅವುಗಳ ಹಿಂದೆ ಕರಗಿಹೋದ ಪದ್ಯವಿದೆ ಎಂದು ಪಿದಾಲ್ ತೋರಿಸಿದರು. ಗದ್ಯದಲ್ಲಿ ಒಂದೇ ಪ್ರಾಸ ಉದ್ದಕ್ಕೂ ಆಕಸ್ಮಿಕವಾಗಿ ಬರುವುದು ಅಸಂಭವ. ಇಲ್ಲಿ ಗುಪ್ತಪ್ರವಾಹದ ಸದ್ದು ಕೇಳಿಸುತ್ತದೆ. ಅವರ ಎಲ್ಲ ಊಹೆಗಳಿಗೂ ಇಷ್ಟು ಗಟ್ಟಿ ಆಧಾರವಿದ್ದಿದ್ದರೆ ಬೆದಿಯೆ ಪಕ್ಷಕ್ಕೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

4. ಬೆಣೆಯ ರೂಪಕ ಮತ್ತು ಅದರ ಭಾರ

‘ಒರಿಖೆನೆಸ್’ ಗ್ರಂಥವು 11ನೆಯ ಶತಮಾನದವರೆಗಿನ ಐಬೀರಿಯಾದ ಭಾಷಾಸ್ಥಿತಿಯನ್ನು ದಾನಪತ್ರ, ಕ್ರಯಪತ್ರ, ಮಠಗಳ ದಾಖಲೆಗಳ ಆಧಾರದಿಂದ ಕಟ್ಟಿಕೊಡುತ್ತದೆ. ಕೆಟ್ಟ ಲ್ಯಾಟಿನ್ ಎಂದು ಹಿಂದಿನವರು ಬದಿಗೊತ್ತಿದ್ದ ಬರಹಗಳ ‘ತಪ್ಪು’ಗಳನ್ನೇ ಆಡುಮಾತಿನ ಸಾಕ್ಷಿಯಾಗಿ ಓದಿದ್ದು, ಪ್ರತಿಯೊಂದು ಲಕ್ಷಣಕ್ಕೂ ಸ್ಥಳ ಮತ್ತು ಕಾಲವನ್ನು ಜೋಡಿಸಿದ್ದು ಅದರ ಸಾಧನೆ. ಧ್ವನಿನಿಯಮವು ಒಂದೇ ಏಟಿಗೆ ಬಂದಿಳಿಯುವುದಿಲ್ಲ, ಹಳೆಯ ಮತ್ತು ಹೊಸ ರೂಪಗಳು ತಲೆಮಾರುಗಳ ಕಾಲ ಹೋರಾಡುತ್ತವೆ ಎಂಬ ಅದರ ನಿಲುವು, ಭಾಷಾವೈವಿಧ್ಯವನ್ನು ಬದಲಾವಣೆಯ ಮೂಲವಾಗಿ ಕಾಣುವ ನಂತರದ ಸಾಮಾಜಿಕ ಭಾಷಾವಿಜ್ಞಾನಕ್ಕೆ ಅಪರಿಚಿತವೆನಿಸದು.

ಆದರೆ ಗ್ರಂಥದ ಕೇಂದ್ರದಲ್ಲಿ ಒಂದು ರೂಪಕವಿದೆ. ಪೂರ್ವದ ಅರಗೋನೀಸ್‌ನಿಂದ ಪಶ್ಚಿಮದ ಲಿಯೋನೀಸ್‌ವರೆಗೆ ಮೊದಲು ಒಂದೇ ಹರಹಾಗಿದ್ದ ಲಕ್ಷಣಗಳನ್ನು ಉತ್ತರದಿಂದ ಇಳಿದುಬಂದ ಕ್ಯಾಸ್ಟಿಲಿಯನ್ ಬೆಣೆಯಂತೆ ಸೀಳಿತು ಎಂಬುದು ಆ ರೂಪಕ. ನೆರೆಯವರು ‘ಉಒ’, ‘ಉಅ’, ‘ಉಎ’ಗಳ ನಡುವೆ ತೂಗಾಡುತ್ತಿದ್ದಾಗ ಕ್ಯಾಸ್ಟಿಲ್ ಬೇಗನೆ ‘ಉಎ’ಯನ್ನು ಆರಿಸಿಕೊಂಡಿತು, ಅದು ನಿರ್ಧಾರಶಕ್ತಿಯುಳ್ಳ, ಹೊಸತಿಗೆ ಒಲಿದ ಭಾಷೆ. ಭಾಷೆಗೆ ಸ್ವಭಾವವನ್ನು ಆರೋಪಿಸುವ ಈ ಮಾತುಗಾರಿಕೆಯಲ್ಲಿ 1898ರ ಯುದ್ಧದಲ್ಲಿ ವಸಾಹತುಗಳನ್ನು ಕಳೆದುಕೊಂಡ ಸ್ಪೇನಿನ ಬೌದ್ಧಿಕ ಆತಂಕ ಕೇಳಿಸುತ್ತದೆ. ರಾಷ್ಟ್ರವನ್ನು ಮತ್ತೆ ಕಟ್ಟಬೇಕಾಗಿದ್ದ ತಲೆಮಾರಿಗೆ ಕ್ಯಾಸ್ಟಿಲ್ ಏಕೀಕರಣದ ಶಕ್ತಿಯಾಗಿ ಬೇಕಾಗಿತ್ತು. ಪಿದಾಲ್ ಅವರ ಭಾಷಾಚಿಂತನೆಯ ಈ ಮುಖವನ್ನು ಹೋಸೆ ದೆಲ್ ವಾಲ್ಯೆ ವಿಸ್ತಾರವಾಗಿ ಚರ್ಚಿಸಿದ್ದಾರೆ.

ಆದರೂ ಸಿದ್ಧಾಂತದ ಹಿಂದಿನ ಆಶಯವನ್ನು ಬಯಲುಮಾಡಿದ ಮಾತ್ರಕ್ಕೆ ಸಿದ್ಧಾಂತ ಸುಳ್ಳಾಗುವುದಿಲ್ಲ. ಅದನ್ನು ದತ್ತಾಂಶದ ಮಟ್ಟದಲ್ಲಿಯೇ ಎದುರಿಸಬೇಕು. ಆ ಕೆಲಸವನ್ನು ಇನೇಸ್ ಫೆರ್ನಾಂದೆಸ್-ಒರ್ದೋನ್ಯೆಸ್ 2011ರಲ್ಲಿ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ಪ್ರವೇಶಭಾಷಣದಲ್ಲಿ ಮಾಡಿದರು. ಬೇರೆಬೇರೆ ಲಕ್ಷಣಗಳ ಹರಹನ್ನು ನಕ್ಷೆಯ ಮೇಲೆ ಬಿಡಿಸಿದಾಗ ಅವೆಲ್ಲವೂ ಒಂದೇ ಬೆಣೆಯ ಆಕಾರಕ್ಕೆ ಬರುವುದಿಲ್ಲ. ಕೆಲವು ಪೂರ್ವದಿಂದ, ಕೆಲವು ಪಶ್ಚಿಮದಿಂದ ಹರಡಿವೆ. ಸ್ಪ್ಯಾನಿಷ್ ರೂಪುಗೊಂಡದ್ದು ಒಂದು ಕೇಂದ್ರದ ದಿಗ್ವಿಜಯದಿಂದಲ್ಲ, ಹಲವು ದಿಕ್ಕಿನ ಕೊಡುಕೊಳೆಯಿಂದ. ಗಮನಿಸಬೇಕಾದ ಸಂಗತಿಯೆಂದರೆ, ಇಂಥ ವಾದಕ್ಕೆ ಬೇಕಾದ ಆಧಾರಗಳಲ್ಲೊಂದಾದ ಐಬೀರಿಯಾದ ಭಾಷಾಭೂಪಟ ಪಿದಾಲ್ ಅವರ ಪ್ರೇರಣೆಯಿಂದಲೇ ಆರಂಭವಾಗಿ, ತೊಮಾಸ್ ನವಾರ್ರೊ ತೊಮಾಸ್ ಅವರ ನಿರ್ದೇಶನದಲ್ಲಿ ನಡೆದ ಯೋಜನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ಆ ದಾಖಲೆಗಳ ಕಾಲದಲ್ಲಿ ಪಾಠಶಾಲೆಯ ಲ್ಯಾಟಿನ್, ಒಂದು ಬಗೆಯ ಜನಬಳಕೆಯ ಲ್ಯಾಟಿನ್ ಮತ್ತು ರೊಮಾನ್ಸ್ ಆಡುನುಡಿ ಪ್ರತ್ಯೇಕ ರೂಢಿಗಳಾಗಿ ಸಹಬಾಳ್ವೆ ನಡೆಸಿದವು ಎಂಬುದು ಪಿದಾಲ್ ಅವರ ಗ್ರಹಿಕೆ. ರಾಜರ್ ರೈಟ್ 1982ರಲ್ಲಿ ಈ ಗ್ರಹಿಕೆಯ ಬುಡವನ್ನೇ ಪ್ರಶ್ನಿಸಿದರು. 11ನೆಯ ಶತಮಾನದ ಕೊನೆಯಲ್ಲಿ ರೋಮನ್ ಪೂಜಾವಿಧಿಯೊಂದಿಗೆ ಹೊಸ ಓದುವ ಕ್ರಮ ಬರುವವರೆಗೆ ಸ್ಪೇನಿನಲ್ಲಿ ಎರಡು ಭಾಷೆಗಳ ಅರಿವೇ ಇರಲಿಲ್ಲ; ಇದ್ದದ್ದು ಹಳೆಯ ಕಾಗುಣಿತದಲ್ಲಿ ಬರೆದು ತಮ್ಮ ಆಡುಮಾತಿನಂತೆ ಓದುತ್ತಿದ್ದ ಒಂದೇ ಭಾಷೆ ಎಂಬುದು ಅವರ ಪ್ರತಿಪಾದನೆ. ಇದನ್ನು ಪೂರ್ಣವಾಗಿ ಒಪ್ಪಲಿ ಬಿಡಲಿ, ಬರಹದ ‘ತಪ್ಪು’ ಯಾವುದರ ಸಾಕ್ಷಿ ಎಂಬ ಪ್ರಶ್ನೆಯನ್ನು ಇನ್ನು ತಪ್ಪಿಸಿಕೊಳ್ಳಲಾಗದು. ಒಂದು ಬರಹ ಉಚ್ಚಾರಣೆಯನ್ನು ತೋರಿಸುತ್ತದೆಯೋ, ಬರಹಗಾರನ ಶಿಕ್ಷಣವನ್ನು ತೋರಿಸುತ್ತದೆಯೋ ಎಂಬುದನ್ನು ಪ್ರತಿ ಸಂದರ್ಭದಲ್ಲಿಯೂ ಬೇರೆಯಾಗಿ ತೀರ್ಮಾನಿಸಬೇಕು.

ಸಾನ್ ಮಿಲ್ಯಾನ್ ಮಠದ ಲ್ಯಾಟಿನ್ ಹಸ್ತಪ್ರತಿಯ ಅಂಚಿನಲ್ಲಿ ಬರೆದ ಅರ್ಥಟಿಪ್ಪಣಿಗಳು ಇದರ ಸಾರ್ವಜನಿಕ ಪರಿಣಾಮವನ್ನು ತೋರಿಸುತ್ತವೆ. ಪಿದಾಲ್ ಅವುಗಳನ್ನು 10ನೆಯ ಶತಮಾನಕ್ಕೆ ಸೇರಿಸಿದರು. 1977ರಲ್ಲಿ ಸ್ಪ್ಯಾನಿಷ್ ಭಾಷೆಯ ಸಹಸ್ರಮಾನೋತ್ಸವವೇ ನಡೆಯಿತು. ಟಿಪ್ಪಣಿಗಳು 11ನೆಯ ಶತಮಾನದವು ಎಂಬ ಅಭಿಪ್ರಾಯ ಈಗ ಪ್ರಬಲವಾಗಿದೆ. ಅವುಗಳ ಭಾಷೆಯಲ್ಲಿ ನವಾರ್ರೊ-ಅರಗೋನೀಸ್ ಲಕ್ಷಣಗಳು ಎದ್ದುಕಾಣುತ್ತವೆ. ಅವುಗಳಲ್ಲಿ ಎರಡು ಬಾಸ್ಕ್ ಭಾಷೆಯಲ್ಲಿವೆ. ಭಾಷಾವಿಜ್ಞಾನಿಯೊಬ್ಬ ‘ಸುಮಾರು’ ಎಂದು ಬರೆದದ್ದು ಉತ್ಸವದ ಫಲಕದಲ್ಲಿ ಖಚಿತವಾದ ಜನ್ಮದಿನವಾಗುತ್ತದೆ. ಆ ‘ಸುಮಾರು’ ಎಷ್ಟು ಅಗಲವಾದದ್ದು ಎಂದು ಹೇಳುವ ಹೊಣೆ ಶಾಸ್ತ್ರದ್ದು.

5. ಸಂಸ್ಥೆ ಮತ್ತು ಸಹಭಾಗಿಗಳು

ಪಿದಾಲ್ ಅವರ ಕಾರ್ಯವನ್ನು ಒಬ್ಬನೇ ವ್ಯಕ್ತಿಯ ಸಾಧನೆಯಾಗಿ ಬಣ್ಣಿಸುವುದು, ವ್ಯಕ್ತಿಕರ್ತೃತ್ವದ ವಿರುದ್ಧ ಅವರೇ ಹೂಡಿದ ವಾದಕ್ಕೆ ವಿರೋಧವಾದದ್ದು. 1900ರಲ್ಲಿ, ಮದುವೆಯಾದ ಹೊಸತರಲ್ಲಿ, ಅವರು ಪತ್ನಿ ಮಾರಿಯಾ ಗೊಯ್ರಿ ಅವರೊಡನೆ ಸಿದ್ ನಡೆದ ದಾರಿಯಲ್ಲಿ ಪ್ರವಾಸ ಹೋದರು. ಎಲ್ ಬುರ್ಗೊ ದೆ ಓಸ್ಮಾದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳ ಹಾಡಿನಲ್ಲಿ 1497ರಲ್ಲಿ ತೀರಿಕೊಂಡ ರಾಜಕುಮಾರ ಖ್ವಾನನ ಮರಣದ ವೃತ್ತಾಂತವಿರುವುದನ್ನು ಗುರುತಿಸಿದವರು ಗೊಯ್ರಿ. ಕ್ಯಾಸ್ಟಿಲಿನಲ್ಲಿ ಮೌಖಿಕ ರೊಮಾನ್ಸ್ ಅಳಿದಿದೆ ಎಂಬ ಆ ಕಾಲದ ನಂಬಿಕೆ ಅಲ್ಲಿಗೆ ಕುಸಿಯಿತು. ಯಾವ ಗೀತೆಗಳನ್ನು ಹುಡುಕಬೇಕು, ಹೇಗೆ ಕೇಳಬೇಕು ಎಂಬ ಮಾರ್ಗದರ್ಶಿಯನ್ನು ಕ್ಷೇತ್ರಕಾರ್ಯಕ್ಕಾಗಿ ಸಿದ್ಧಪಡಿಸಿದವರೂ ಅವರೇ. ಮೇಲೆ ನಾವು ‘ಎರಡು ದಡ’ಗಳ ಸಾಕ್ಷ್ಯ ಎಂದು ಕರೆದದ್ದು ಬಹುಮಟ್ಟಿಗೆ ಈ ಸಂಗ್ರಹದಿಂದ ಬಂದದ್ದು. ಅಂದರೆ ಪಿದಾಲ್ ಸಿದ್ಧಾಂತದ ಅತ್ಯಂತ ಗಟ್ಟಿ ಭಾಗವೇ ಇಬ್ಬರ ಕೆಲಸ. ಬಹುಕಾಲ ಮುಖಪುಟದಲ್ಲಿ ಕಂಡದ್ದು ಒಬ್ಬರ ಹೆಸರು.

1910ರಲ್ಲಿ ಸ್ಥಾಪನೆಯಾದ ಐತಿಹಾಸಿಕ ಅಧ್ಯಯನ ಕೇಂದ್ರ ಮತ್ತು 1914ರಲ್ಲಿ ಆರಂಭವಾದ ‘ರೆವಿಸ್ತಾ ದೆ ಫಿಲೊಲೊಖಿಯಾ ಎಸ್ಪಾನ್ಯೊಲಾ’ ಪತ್ರಿಕೆಯ ಸುತ್ತ ನವಾರ್ರೊ ತೊಮಾಸ್, ಅಮೆರಿಕೊ ಕಾಸ್ತ್ರೊ, ಅಮಾದೊ ಅಲೋನ್ಸೊ, ರಫಾಯೆಲ್ ಲಪೇಸಾ ಮೊದಲಾದವರು ಬೆಳೆದರು. ಅಂತರ್ಯುದ್ಧ ಈ ಗುಂಪನ್ನು ಚದುರಿಸಿತು. ನವಾರ್ರೊ ತೊಮಾಸ್ ಮತ್ತು ಕಾಸ್ತ್ರೊ ಅಮೆರಿಕ ಸೇರಿದರು. ಕೆಲಕಾಲ ಹೊರದೇಶಗಳಲ್ಲಿದ್ದು 1939ರಲ್ಲಿ ಹಿಂದಿರುಗಿದ ಪಿದಾಲ್ ಅವರಿಗೆ ಹಳೆಯ ಕೇಂದ್ರ ಉಳಿದಿರಲಿಲ್ಲ. 1947ರಲ್ಲಿ ಅವರು ಅಕಾಡೆಮಿಯ ನಿರ್ದೇಶಕ ಸ್ಥಾನಕ್ಕೆ ಮರಳಿ, ಕೊನೆಯವರೆಗೂ ಅಲ್ಲಿದ್ದರು. ಭಾಷಾಭೂಪಟದ ಮೊದಲ ಸಂಪುಟ ಅಚ್ಚಾದದ್ದು 1962ರಲ್ಲಿ. ದತ್ತಾಂಶ ಸಂಗ್ರಹವಾಗಿಯೂ ತಲೆಮಾರೊಂದಕ್ಕೆ ಲಭ್ಯವಾಗದೆ ಹೋದಾಗ, ಅದನ್ನು ಆಧರಿಸಿ ಪರೀಕ್ಷೆಗೊಳಗಾಗಬೇಕಿದ್ದ ಸಿದ್ಧಾಂತಗಳು ಪರೀಕ್ಷೆಯಿಲ್ಲದೆಯೇ ಪಠ್ಯಪುಸ್ತಕಗಳನ್ನು ಸೇರುತ್ತವೆ. ಬೆಣೆಯ ರೂಪಕದ ದೀರ್ಘಾಯುಷ್ಯಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಶಿಷ್ಯಪರಂಪರೆಯ ಅತ್ಯುತ್ತಮ ಉದಾಹರಣೆ ಮನೆಯೊಳಗೇ ದೊರೆಯುತ್ತದೆ. 1906ರಲ್ಲಿ ಪಿದಾಲ್ ಸಂಪಾದಿಸಿದ ವೃತ್ತಾಂತ ಎಸ್ಕೋರಿಯಾಲ್ ಗ್ರಂಥಾಲಯದ ಎರಡು ಹಸ್ತಪ್ರತಿಗಳನ್ನು ಆಧರಿಸಿದೆ. ಅವುಗಳಲ್ಲಿ ಎರಡನೆಯದು ಬೇರೆಬೇರೆ ಕಾಲದ ಭಾಗಗಳನ್ನು ಜೋಡಿಸಿದ್ದು, ಅದರಲ್ಲಿ 14ನೆಯ ಶತಮಾನದ ಬರಹವೂ ಸೇರಿದೆ ಎಂದು 1962ರಲ್ಲಿ ತೋರಿಸಿಕೊಟ್ಟವರು ದಿಯೆಗೊ ಕಾತಾಲಾನ್. ಅಜ್ಜನ ಆವೃತ್ತಿಯನ್ನು ಹತ್ತನೆಯ ಅಲ್ಫೋನ್ಸೊ ದೊರೆಯ ಕಾಲದ ಭಾಷೆಗೆ ಏಕರೂಪದ ಆಕರವೆಂದು ಬಳಸಿದ ಅಧ್ಯಯನಗಳೆಲ್ಲವೂ ಇದರಿಂದ ಮರುಪರಿಶೀಲನೆಗೆ ಒಳಗಾಗಬೇಕಾಯಿತು. ಹಸ್ತಪ್ರತಿಗೆ ಹಿಂದಿರುಗಬೇಕೆಂಬ ಪಾಠವನ್ನು ಮೊಮ್ಮಗ ಅಜ್ಜನಿಂದಲೇ ಕಲಿತದ್ದು.

6. ಉಪಸಂಹಾರ

ಈ ವಿಮರ್ಶೆ ಕನ್ನಡದ ಸಂಶೋಧಕರಿಗೆ ಏಕೆ ಪ್ರಸ್ತುತವೆಂದು ಕೇಳಬಹುದು. ಡಿ. ಎಲ್. ನರಸಿಂಹಾಚಾರ್ ಅವರು ‘ಕನ್ನಡ ಗ್ರಂಥ ಸಂಪಾದನೆ’ಯಲ್ಲಿ ವಿವರಿಸಿದ ಶಾಸ್ತ್ರಕ್ಕೂ ಪಿದಾಲ್ ಕಲಿತ ಶಾಸ್ತ್ರಕ್ಕೂ ಯುರೋಪಿನ ಪಾಠವಿಮರ್ಶೆಯ ಹಿನ್ನೆಲೆ ಸಮಾನವಾದದ್ದು. ಛಂದಸ್ಸು ಕೆಟ್ಟಿದೆ ಎಂದು ಪಾಠವನ್ನು ತಿದ್ದುವ ಸಂದರ್ಭ ನಮ್ಮ ಸಂಪಾದಕರಿಗೂ ಬಂದಿದೆ. ಹಾಗೆ ತಿದ್ದಿದ ರೂಪವು ಹಳಗನ್ನಡ ವ್ಯಾಕರಣಕ್ಕೆ ಉದಾಹರಣೆಯಾಗಿ ಹೋಗುವ ದಾರಿಯೂ ತೆರೆದೇ ಇದೆ. ಶಾಸನಗಳಲ್ಲಿ ರಚಿಸಿದವನು, ಬರೆದವನು, ಕಂಡರಿಸಿದವನು ಬೇರೆಬೇರೆಯಾಗಿರಬಲ್ಲರು ಎಂಬುದನ್ನು ಬಲ್ಲ ನಮಗೆ ಪೆರ್ ಅಬ್ಬಾತನ ಸಮಸ್ಯೆ ದೂರದ್ದೆನಿಸದು.

ನಮ್ಮ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು. ಪಠ್ಯದಿಂದ ವ್ಯಾಕರಣ, ವ್ಯಾಕರಣದಿಂದ ಕಾಲ, ಕಾಲದಿಂದ ಮತ್ತೆ ಪಠ್ಯ ಎಂಬ ಚಲನೆ ಐತಿಹಾಸಿಕ ಭಾಷಾವಿಜ್ಞಾನದಲ್ಲಿ ಅನಿವಾರ್ಯ. ಅದರ ಒಂದು ಹಂತದಲ್ಲಾದರೂ ಭಾಷಿಕವಲ್ಲದ ಸ್ವತಂತ್ರ ಸಾಕ್ಷ್ಯ ಇರಬೇಕು. ಗುಪ್ತಸ್ಥಿತಿಯ ಕಲ್ಪನೆ ಎರಡೂ ದಡಗಳಲ್ಲಿ ಪಠ್ಯವಿರುವಾಗ ಉಪಯುಕ್ತ ಊಹೆ, ಒಂದೇ ದಡವಿರುವಾಗ ಕೇವಲ ಆಶಯ. ರೂಪಕದ ಮೂಲಕ ಮುಂದಿಟ್ಟ ಭಾಷಾಚರಿತ್ರೆಯನ್ನು ಲಕ್ಷಣಲಕ್ಷಣವಾಗಿ ನಕ್ಷೆಯ ಮೇಲೆ ಬಿಡಿಸಿ ನೋಡಬೇಕು.

ಇವುಗಳಿಂದ ಹೊರಡುವ ಪ್ರಾಯೋಗಿಕ ಬೇಡಿಕೆಯೊಂದಿದೆ. ಇಂದಿನ ಐತಿಹಾಸಿಕ ಪಠ್ಯಸಂಚಯಗಳು ಮುದ್ರಿತ ಆವೃತ್ತಿಗಳನ್ನು ಗಣಕಕ್ಕೆ ಇಳಿಸಿ ಕಟ್ಟಿದವು. ಹುಡುಕಿದಾಗ ಪರದೆಯ ಮೇಲೆ ಬರುವ ರೂಪ ಹಸ್ತಪ್ರತಿಯದೋ ಸಂಪಾದಕನದೋ ಎಂದು ಅವು ಎಲ್ಲ ಸಂದರ್ಭಗಳಲ್ಲಿಯೂ ಹೇಳುವುದಿಲ್ಲ. ಪಿದಾಲ್ 1911ರ ಹೊತ್ತಿಗೆ ಎರಡು ಪಠ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಈ ವ್ಯತ್ಯಾಸವನ್ನು ಓದುಗನ ಕೈಗೆ ಕೊಟ್ಟಿದ್ದರು. ಪ್ರತಿಯೊಂದು ರೂಪಕ್ಕೂ ಅದರ ಮೂಲವನ್ನು ಸೂಚಿಸುವ ಗುರುತು ಸೇರಿಸುವುದು ಇಂದು ತಾಂತ್ರಿಕವಾಗಿ ಕಷ್ಟವಲ್ಲ. ಡಾಕ್ಟರೇಟ್ ಮಟ್ಟದ ಸಂಶೋಧನೆ ಇಂಥ ಸಂಚಯಗಳ ಎಣಿಕೆಯ ಮೇಲೆಯೇ ಹೆಚ್ಚುಹೆಚ್ಚು ನಿಲ್ಲುತ್ತಿರುವಾಗ, ಆ ಗುರುತಿಲ್ಲದ ಸಂಖ್ಯೆಯನ್ನು ಭಾಷೆಯ ಸಂಗತಿಯೆಂದು ಸ್ವೀಕರಿಸಲು ನಾವು ಒಪ್ಪಬಾರದು.